ಪಚ್ಚಿಲೆ ಪ್ರಕರಣ

ಶಾಸ್ತ್ರ ಬರೆಯ ಹೊರಟವನು ಮೊದಲು ಸಂಜ್ಞೆ ಹೇಳಬೇಕು, ಆಮೇಲೆ ಲಕ್ಷಣ, ಆಮೇಲೆ ಭೇದ. ನಡುನಡುವೆ, ತನಗಿಂತ ಮೊದಲು ಬರೆದವರೆಲ್ಲ ಎಡವಿದ್ದಾರೆಂದು ಸಾಧಿಸುತ್ತ ಹೋಗಬೇಕು. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವ್ಯಾಕರಣ ಹೇಳಿದ ನನಗೆ ಈ ದಾರಿ ಬಿಟ್ಟು ಬೇರೆ ಗೊತ್ತಿಲ್ಲ. ನಿವೃತ್ತನಾದ ಮೇಲೆ ಮೂಲ್ಕಿಯ ಶಾಂಭವಿ ಹೊಳೆಯ ದಂಡೆಯಲ್ಲಿ ಕೂತು, ಎದುರು ನೀರಲ್ಲಿ ಗಳು ನಿಲ್ಲಿಸಿ ಹಗ್ಗ ಇಳಿಬಿಟ್ಟ ಪಚ್ಚಿಲೆ ಚಪ್ಪರವನ್ನು ನೋಡುತ್ತ ಈ ಪ್ರಕರಣ ರಚಿಸಿದ್ದೇನೆ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಕ್ಷಮಿಸಬೇಕು. ಅವನು ಜೈನ, ಪಚ್ಚಿಲೆಯ ರುಚಿ ಗೊತ್ತಿರಲಿಲ್ಲ.

ಮೊದಲು ಸಂಜ್ಞೆ. ತುಳುನಾಡಿನಲ್ಲಿ ಪಚ್ಚಿಲೆ. ಉತ್ತರ ಕನ್ನಡದ ಕಡೆ ನೀಲಿಕಲ್ಲು. ಕಾಸರಗೋಡು ದಾಟಿದರೆ ಕಲ್ಲುಮ್ಮಕಾಯ, ಅಂದರೆ ಕಲ್ಲಿನ ಮೇಲೆ ಬಿಟ್ಟ ಕಾಯಿ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಇದಕ್ಕೆ ‘ವಿರಿಡಿಸ್’ ಎಂದು ಹೆಸರಿಟ್ಟ, ಹಸಿರು ಎಂದರ್ಥ. ಈಗ ಪಂಡಿತರು ಪೂರ್ತಿಯಾಗಿ ಪೆರ್ನಾ ವಿರಿಡಿಸ್ ಅನ್ನುತ್ತಾರೆ. ಒಬ್ಬರಿಗೆ ಹಸಿರು, ಒಬ್ಬರಿಗೆ ನೀಲಿ, ಒಬ್ಬರಿಗೆ ಕಲ್ಲು, ಒಬ್ಬರಿಗೆ ಕಾಯಿ. ಜಗಳವಾಡುವ ಅಗತ್ಯವಿಲ್ಲ, ಎಲ್ಲರೂ ನೋಡಿದ್ದನ್ನೇ ಹೇಳಿದ್ದಾರೆ. ಎಳೆಯದು ಬಾಳೆಯ ಸುಳಿಯಷ್ಟು ಹಸಿರು. ಬಲಿಯುತ್ತ ಕಂದು ಅಡರುತ್ತದೆ. ಅಂಚನ್ನು ಓರೆಯಾಗಿ ಬಿಸಿಲಿಗೆ ಹಿಡಿದರೆ ನೀಲಿ ಹೊಳೆಯುತ್ತದೆ.

ಲಕ್ಷಣದ ವಿಷಯದಲ್ಲಿ ಪೂರ್ವಾಚಾರ್ಯರು ಎರಡು ಪಂಗಡ. ಇಂಥ ಚಿಪ್ಪಿನ ಪ್ರಾಣಿಗಳು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದ. ಹುಟ್ಟಿನ ವಿಷಯದಲ್ಲಿ ಅವನು ತಪ್ಪು, ಆದರೆ ಕೆಸರಿಗೂ ಪಚ್ಚಿಲೆಗೂ ಇರುವ ಸಂಬಂಧ ನನ್ನ ಅನುಭವಕ್ಕೂ ಬಂದಿದೆ, ಮುಂದೆ ಹೇಳುತ್ತೇನೆ. ಜೈನ ಶಾಸ್ತ್ರಕಾರರು ಇನ್ನೂ ಹತ್ತಿರ ಹೋದರು. ಶಂಖ, ಶುಕ್ತಿ, ಹುಳ ಇವು ದ್ವೀಂದ್ರಿಯ ಜೀವಿಗಳು. ಮುಟ್ಟಿದ್ದು ತಿಳಿಯುತ್ತದೆ, ರುಚಿ ತಿಳಿಯುತ್ತದೆ, ಅಷ್ಟೇ ಎಂದರು. ಕಾರ್ಕಳ, ಮೂಡುಬಿದಿರೆಗಳ ಬಸದಿಗಳಲ್ಲಿ ಇದನ್ನು ಶತಮಾನಗಳಿಂದ ಓದಿಸಿದ್ದಾರೆ. ಬಾಯಿಗೆ ಬಂದ ನೀರಿನ ರುಚಿ ನೋಡುವುದು, ಕಾಲಿಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವುದು, ಇದು ಬಿಟ್ಟು ಪಚ್ಚಿಲೆಗೆ ಬೇರೆ ಉದ್ಯೋಗ ನಾನೂ ಕಾಣೆ.

ಇಷ್ಟು ಹೇಳಿದ ಮೇಲೆ ಸೂತ್ರ: ‘ಪಚ್ಚಿಲೆಗೆ ಸಪ್ತಮಿಯೊಂದೇ ವಿಭಕ್ತಿ.’

ವೃತ್ತಿ: ದನ ಹುಲ್ಲಿದ್ದಲ್ಲಿಗೆ ಹೋಗುತ್ತದೆ, ಅದಕ್ಕೆ ಪ್ರಥಮಾ ವಿಭಕ್ತಿ ಸಲ್ಲುತ್ತದೆ. ಬಂಗುಡೆ ಸೆಕೆಯಾದರೆ ಆಳಕ್ಕಿಳಿಯುತ್ತದೆ. ಪಚ್ಚಿಲೆ ಹುಟ್ಟಿದ ಹೊಸದರಲ್ಲಿ ಎರಡು ಮೂರು ವಾರ ಕಣ್ಣಿಗೆ ಕಾಣದ ಮರಿಯಾಗಿ ನೀರಲ್ಲಿ ತೇಲುತ್ತದೆ. ಒಮ್ಮೆ ಕೂತಿತೋ, ಕೂತಿತು. ಆಮೇಲೆ ಅದು ದಪ್ಪವೋ ಪೀಚಲೋ, ಚಿಪ್ಪು ತೆಳುವೋ ಗಟ್ಟಿಯೋ, ಸಿಹಿಯೋ ಸಪ್ಪೆಯೋ ಎಲ್ಲವೂ ‘ಅಲ್ಲಿ’ ಎಂಬ ಪ್ರತ್ಯಯದಿಂದ ಬರತಕ್ಕದ್ದು. ಹೊಳೆಯಲ್ಲಿ, ಅಳಿವೆಯಲ್ಲಿ, ಹಗ್ಗದ ತುದಿಯಲ್ಲಿ, ಚಪ್ಪರದ ಮೂಲೆಯಲ್ಲಿ.

ಇದಕ್ಕೊಂದು ಪೂರ್ವಪಕ್ಷವುಂಟು. ‘ಎಲ್ಲ ಬಿತ್ತದ ಗುಣ, ಒಳ್ಳೆ ಮರಿ ತಂದರೆ ಒಳ್ಳೆ ಪಚ್ಚಿಲೆ’ ಎಂದು ಮರಿ ಮಾರುವವರು ವಾದಿಸುತ್ತಾರೆ. ಅವರ ವಾದವನ್ನು ಖಂಡಿಸಲು ಕೇಶಿರಾಜನ ಆಯುಧವನ್ನೇ ಎತ್ತಿಕೊಳ್ಳುತ್ತೇನೆ. ಚಪ್ಪರದ ಗಾಳಿಮರದ ಗಳುಗಳಿಗೆ ಯಾರೂ ಕರೆಯದೆ ಬಂದು ಅಂಟಿಕೊಂಡ ಮರಿ ದೇಶ್ಯ. ಸೋಮೇಶ್ವರದಂಥ ಕಡೆ ಸಮುದ್ರದ ಬಂಡೆಯಿಂದ ಕೆರೆದು ತಂದು ಹೊಳೆಯಲ್ಲಿ ಕಟ್ಟಿದ್ದು ತದ್ಭವ. ಬಂಡೆಯ ಮೇಲಿದ್ದಾಗ ಅದಕ್ಕೆ ದಿನಕ್ಕೆರಡು ಸಲ ಇಳಿತದ ಬಿಸಿಲು, ಮೈಮೇಲೆ ತೆರೆಯ ಪೆಟ್ಟು. ನೀರಿಲ್ಲದ ಹೊತ್ತಿನಲ್ಲಿ ಬಾಯಿ ಮುಚ್ಚಿ ಉಪವಾಸ. ತಿಂದದ್ದರಲ್ಲಿ ಬಹುಪಾಲು ಚಿಪ್ಪು ಗಟ್ಟಿ ಮಾಡಲಿಕ್ಕೇ ಖರ್ಚು. ಅದರ ಒಡಹುಟ್ಟಿದ್ದನ್ನು ಹೊಳೆಯಲ್ಲಿ, ಇಳಿತದಲ್ಲೂ ಮುಳುಗಿರುವಂತೆ ನೇತುಹಾಕಿದರೆ ಇಪ್ಪತ್ತನಾಲ್ಕು ಗಂಟೆ ಊಟ, ಪೆಟ್ಟಿಲ್ಲ. ಎರಡು ಸೆಂಟಿಮೀಟರಿನ ಮರಿ ಐದಾರು ತಿಂಗಳಲ್ಲಿ ಏಳೂವರೆ, ಎಂಟು ಸೆಂಟಿಮೀಟರ್ ಆಗುತ್ತದೆ. ಚಿಪ್ಪು ತೆಳ್ಳಗೆ, ಮಾಂಸ ತುಂಬಿಕೊಂಡು. ಬಿತ್ತ ಒಂದೇ, ಊರಿನ ನಾಲಗೆಯಲ್ಲಿ ಹೊರಳಿ ರೂಪ ಬೇರೆಯಾಯಿತು. ಇನ್ನು ತತ್ಸಮ. ನೀರು ಬದಲಾದರೂ ತಾನು ಬದಲಾಗದ ಪಚ್ಚಿಲೆಯನ್ನು ಬಹಳ ಹುಡುಕಿದೆ. ಸಿಕ್ಕಿದವೆಲ್ಲ ಖಾಲಿ ಚಿಪ್ಪುಗಳು.

ಈಗ ಭೇದ. ವರ್ಗೀಕರಿಸಬೇಕಾದದ್ದು ಪಚ್ಚಿಲೆಯನ್ನಲ್ಲ, ನೀರನ್ನು. ಇದನ್ನು ನಾನು ಹೊಸದಾಗಿ ಕಂಡುಹಿಡಿದೆನೆಂದು ಹೇಳಿಕೊಳ್ಳುವಂತಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲೇ ಕೇರಳದ ವಿಳಿಂಞಂ, ಕೋಳಿಕ್ಕೋಡುಗಳಲ್ಲಿ ಹಗ್ಗ ಕಟ್ಟಿ ನೋಡಿದ್ದರು. 1990ರ ದಶಕದ ಕೊನೆಗೆ ಕಾಸರಗೋಡಿನ ಪಡನ್ನದ ಹಿನ್ನೀರಿನಲ್ಲಿ ಸ್ವಸಹಾಯ ಸಂಘದ ಹೆಂಗಸರು ಅದನ್ನು ಜೀವನೋಪಾಯ ಮಾಡಿಕೊಂಡರು. ನಮ್ಮ ಹೊಳೆಗಳಿಗೂ ವಿದ್ಯೆ ಹಾಗೆಯೇ ಬಂತು. ನನ್ನ ಪಾಲು ಬರೀ ವಿಭಾಗಗಳಿಗೆ ಹೆಸರಿಡುವುದು.

ಉಪ್ಪಿನ ಲೆಕ್ಕದಲ್ಲಿ ನೀರು ಮೂರು ವಿಧ: ಚಪ್ಪೆ, ಸವುಳು, ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. 27ರಿಂದ 35ರ ತನಕ ಪಚ್ಚಿಲೆಗೆ ಹಬ್ಬ. 20ರ ಕೆಳಗೆ ಬೆಳವಣಿಗೆ ಕುಂಟುತ್ತದೆ; 10ರ ಕೆಳಗೆ ದಿನಗಟ್ಟಲೆ ನಿಂತರೆ ಸಾವು. ಈ ಹೊಳೆ ಒಂದೇ ವರ್ಷದಲ್ಲಿ ಮೂರೂ ಆಗುತ್ತದೆ, ಅದೇ ಇದರ ತಂಟೆ. ಘಟ್ಟದಿಂದ ಇಳಿಯುವ ನೀರು ನಿಂತು, ತುಳಸಿಪೂಜೆಯ ಹೊತ್ತಿಗೆ ಉಬ್ಬರದ ಜೊತೆ ಕಡಲಿನ ಉಪ್ಪು ಮೇಲೆ ಮೇಲೆ ಬರತೊಡಗುತ್ತದೆ. ಆಗ ಹಗ್ಗ ಇಳಿಸಬೇಕು. ಪತ್ತನಾಜೆಗೆ ಕೋಲ, ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುವ ಮೊದಲೇ ಹಗ್ಗ ಎತ್ತಿಯಾಗಬೇಕು. ಅದರಾಚೆಗೆ ಜೂನು. ವರ್ಷಕ್ಕೆ 4,000 ಮಿಲಿಮೀಟರಿಗೆ ಹತ್ತಿರ ಸುರಿಯುವ ನಾಡು ನಮ್ಮದು, ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಹೊಳೆ ಬಾವಿ ನೀರಿನಷ್ಟು ಚಪ್ಪೆಯಾಗುತ್ತದೆ.

ಚಪ್ಪೆ ನೀರು ತಾಗಿದ ಕೂಡಲೆ ಪಚ್ಚಿಲೆ ಬಾಗಿಲು ಹಾಕಿಕೊಳ್ಳುತ್ತದೆ. ಅದರ ಮೈಯೊಳಗಿನ ದ್ರವಕ್ಕೆ ಸ್ವಂತ ಉಪ್ಪಿನ ಲೆಕ್ಕವಿಲ್ಲ, ಹೊರಗೆಷ್ಟೋ ಒಳಗೂ ಅಷ್ಟೇ. ಆದ್ದರಿಂದ ತೆರೆದು ಕೂತರೆ ಜೀವಕೋಶಗಳು ನೀರು ನುಗ್ಗಿ ಉಬ್ಬುತ್ತವೆ. ಮುಚ್ಚಿ ಕೂತರೆ ಉಸಿರಿಲ್ಲ, ಊಟವಿಲ್ಲ. ಕೂಡಿಟ್ಟದ್ದನ್ನು ಕರಗಿಸಿಕೊಳ್ಳುತ್ತ ಮಳೆ ಬಿಡುವುದನ್ನು ಕಾಯಬೇಕು. ಮೇ ತಿಂಗಳಿನ ಒಂದೆರಡು ದಿನದ ಅಡ್ಡಮಳೆಯನ್ನು ಹೀಗೆ ಕಳೆಯಬಹುದು. ಆಟಿ ತಿಂಗಳ ಮಳೆಗೆ ಚಾತುರ್ಮಾಸ್ಯ ಹಿಡಿದರೆ ವ್ರತ ಮುಗಿಯುವಾಗ ವ್ರತಿಯಿರುವುದಿಲ್ಲ. ವಿಚಿತ್ರವೆಂದರೆ ಹೊಳೆಯಲ್ಲಿ ಕೊಲ್ಲುವ ಈ ಮಳೆಯೇ ಕಡಲಿನ ಬಂಡೆಗಳ ಪಚ್ಚಿಲೆಗೆ ಸೂಲಗಿತ್ತಿ. ನೀರು ತುಸು ತಣಿದು ಉಪ್ಪು ತುಸು ಇಳಿದದ್ದೇ ಸೂಚನೆಯಾಗಿ ಗಂಡು ಹೆಣ್ಣುಗಳೆರಡೂ ನೀರಿಗೆ ಬೀಜ ಬಿಡುತ್ತವೆ. ನವರಾತ್ರಿಯ ಆಚೀಚೆ ಬಂಡೆಯ ಮೇಲೆ ಮರಿ ಕಾಣುವುದು ಅದರಿಂದ.

ಉಪ್ಪಿಗೆ ಇನ್ನೊಂದು ಗುಣವಿದೆ, ಇದು ಅಡಿಗೆಮನೆಯವರಿಗೆ. ಉಪ್ಪು ಹೆಚ್ಚಿದ ನೀರಲ್ಲಿ ಪಚ್ಚಿಲೆ ತನ್ನ ಕೋಶಗಳು ಬಾಡದಂತೆ ಒಳಗೆ ಗ್ಲೈಸೀನ್, ಅಲನೀನ್ ಎಂಬ ಅಮೈನೋ ಆಮ್ಲಗಳನ್ನು ತುಂಬಿಕೊಳ್ಳುತ್ತದೆ. ಅವು ನಾಲಗೆಗೆ ಸಿಹಿ. ಏಪ್ರಿಲಿನ ಪಚ್ಚಿಲೆ ಸುಕ್ಕಕ್ಕೆ ಇರುವ ಆ ಸಿಹಿ ತೆಂಗಿನಕಾಯಿಯದೆಂದು ಐವತ್ತು ವರ್ಷ ನಂಬಿದ್ದೆ.

ಹರಿವಿನ ಲೆಕ್ಕದಲ್ಲಿ ನೀರು ಮತ್ತೆ ಮೂರು ವಿಧ: ನಿಂತದ್ದು, ನಡೆಯುವುದು, ಓಡುವುದು. ಬಲಿತ ಪಚ್ಚಿಲೆಯೊಂದು ಗಂಟೆಗೆ ಒಂದೆರಡು ಲೀಟರ್ ನೀರನ್ನು ಕಿವಿರಿನ ಮೂಲಕ ಹಾಯಿಸಿ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ತಿಂದು ಬಿಟ್ಟ ನೀರು ಅಲ್ಲೇ ನಿಂತರೆ ಎರಡನೆಯ ಸಲ ತಿನ್ನಲು ಏನೂ ಇರುವುದಿಲ್ಲ. ಸೆಕೆಂಡಿಗೆ 17ರಿಂದ 25 ಸೆಂಟಿಮೀಟರ್ ಸಾಗುವ ಉಬ್ಬರ ಒಳ್ಳೆಯದೆಂದು ಸಂಶೋಧಕರ ಸಲಹೆ. ದೋಣಿಯಿಂದ ಒಂದು ಒಣ ಎಲೆ ಹಾಕಿದರೆ ಅದು ಸೋಮಾರಿತನವಿಲ್ಲದೆ, ಅವಸರವಿಲ್ಲದೆ ಹೋಗಬೇಕು. ಅದಕ್ಕಿಂತ ಬಿರುಸಾದರೆ ಪಚ್ಚಿಲೆಗೆ ಹಿಡಿದುಕೊಳ್ಳುವುದೇ ಕೆಲಸವಾಗುತ್ತದೆ. ನಾರು ನೂಲಲಿಕ್ಕೆ ಮೈಯ ಸತ್ತ್ವ ಸುರಿಯುತ್ತದೆ.

ಈ ವಿಭಾಗವನ್ನು ನಾನು ದುಡ್ಡು ಕೊಟ್ಟು ಕಲಿತೆ. ನೆರೆಮನೆಯ ಅಕ್ಕ ಇಲ್ಲಿನ ಸ್ವಸಹಾಯ ಸಂಘದವರ ಚಪ್ಪರದಲ್ಲಿ ಪಾಲುಗಾರ್ತಿ. ಒಂದು ಡಿಸೆಂಬರ್ ಸಂಜೆ ಅವರ ಜಗಲಿಯಲ್ಲಿ ಮರಿ ಕಟ್ಟುವ ಕೆಲಸ ನಡೆದಿತ್ತು. ನೆಲದಲ್ಲಿ ಹತ್ತಿಯ ಸೊಳ್ಳೆಪರದೆಯ ಪಟ್ಟಿ ಹಾಸಿ, ಮೇಲೆ ಹೆಬ್ಬೆರಳಿನ ದಪ್ಪದ ನೈಲಾನ್ ಹಗ್ಗ ಇಟ್ಟು, ಸುತ್ತ ಮರಿ ಹರಡಿ, ಪಟ್ಟಿಯನ್ನು ಮಡಚಿ ಹೊಲಿಯುತ್ತಿದ್ದರು. ಮೀಟರಿಗೆ ಒಂದು, ಒಂದೂವರೆ ಕಿಲೋ ಮರಿ. ನೋಡಲು ಅಗಾಧ ಗಾತ್ರದ ದೀಪದ ಬತ್ತಿ. ನೀರಿಗಿಳಿಸಿದ ವಾರ ಹತ್ತು ದಿನದಲ್ಲಿ ಬಟ್ಟೆ ಕೊಳೆತು ಬಿದ್ದುಹೋಗುತ್ತದೆ, ಅಷ್ಟರೊಳಗೆ ಮರಿಗಳು ಹಗ್ಗ ಕಚ್ಚಿರಬೇಕು. ನಾನೊಂದು ಮರಿಯನ್ನು ನೀರಿದ್ದ ಗಾಜಿನ ಲೋಟದಲ್ಲಿಟ್ಟು ಭೂತಕನ್ನಡಿ ಹಿಡಿದು ಕೂತೆ. ಬಹಳ ಹೊತ್ತು ಏನಿಲ್ಲ. ಆಮೇಲೆ ಸಂದಿಯಿಂದ ಕಂದು ನಾಲಗೆಯಂಥ ಕಾಲು ಹೊರಬಂತು, ಗಾಜನ್ನು ಅಲ್ಲಿ ಇಲ್ಲಿ ತಡವಿತು, ಒಂದು ಕಡೆ ಒತ್ತಿ ಹಿಡಿಯಿತು. ಕಾಲು ಹಿಂದೆ ಸರಿದಾಗ ಅಲ್ಲೊಂದು ಬಿಳಿ ಚುಕ್ಕೆ, ಚುಕ್ಕೆಯಿಂದ ಚಿಪ್ಪಿನ ತನಕ ಕೂದಲೆಳೆಯಂಥ ನಾರು ಉಳಿದಿತ್ತು. ದ್ವೀಂದ್ರಿಯ ಸಾಕ್ಷಾತ್ಕಾರವಾಗಿ ನಾನೂ ಎರಡು ಹಗ್ಗಕ್ಕೆ ದುಡ್ಡು ಕೊಟ್ಟೆ.

ನನ್ನ ಹಗ್ಗ ಎಲ್ಲಿ ಕಟ್ಟಬೇಕೆಂದು ಅಕ್ಕ ಕೇಳಿದರು. ದಂಡೆಯ ಕಡೆಯ ಮೂಲೆಯಲ್ಲಿ, ನಮ್ಮ ಅಂಗಳದಿಂದ ಕಾಣುವ ಹಾಗೆ ಎಂದೆ. ಅವರು ಏನೋ ಹೇಳಹೊರಟು, ಮಾಸ್ಟ್ರು ಎಂದು ಸುಮ್ಮನಾದರು. ಫೆಬ್ರವರಿಯಲ್ಲಿ ಎತ್ತಿ ನೋಡಿದರೆ ಹೊಳೆಯ ನಡುಭಾಗಕ್ಕಿದ್ದ ಹಗ್ಗದವು ಅಂಗೈಯಲ್ಲಿ ತುಂಬಿ ಕೂರುತ್ತಿದ್ದವು, ನನ್ನವು ಹುಣಸೆ ಬೀಜದ ಅಣ್ಣಂದಿರು. ಚಪ್ಪರದ ನೂರಾರು ಹಗ್ಗಗಳು ತಿಂದು ಬಿಟ್ಟ ಎಂಜಲು ನೀರು, ಅದೂ ಗಳುಗಳಿಗೆ ತಾಗಿ ವೇಗ ಸತ್ತು, ನನ್ನ ಮೂಲೆಗೆ ಬರುತ್ತಿತ್ತು. ಮದುವೆ ಮನೆಯ ಕಡೇ ಪಂಕ್ತಿ. ಒಂದು ಹಗ್ಗವನ್ನು ಬಿಚ್ಚಿ ಹೊರಸಾಲಿಗೆ ಕಟ್ಟಿಸಿದೆ, ಇನ್ನೊಂದನ್ನು ಶಾಸ್ತ್ರಾರ್ಥವಾಗಿ ಅಲ್ಲೇ ಬಿಟ್ಟೆ. ಏಪ್ರಿಲಿಗೆ, ವರ್ಗಾವಣೆಯಾದದ್ದು ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಸಾಲಿನವರನ್ನು ಹಿಡಿದಿತ್ತು. ‘ಪೀಚಲು’ ಎಂಬ ವರ್ಗಕ್ಕೆ ನಾನು ಬರೆದಿಟ್ಟ ಒಂದೂವರೆ ಪುಟದ ಲಕ್ಷಣವನ್ನು ಆ ದಿನವೇ ಹೊಡೆದು ಹಾಕಿದೆ.

ಆಹಾರದ ವಿಷಯದಲ್ಲಿ ಸ್ವಲ್ಪ ಪರದೇಶಕ್ಕೆ ಹೋಗಿ ಬರಬೇಕು. ಸ್ಪೇನಿನ ಗಲೀಸಿಯಾದ ಕಡಲ ಕೊಲ್ಲಿಗಳಲ್ಲಿ ತೆಪ್ಪಗಳಿಂದ ಹನ್ನೆರಡು ಮೀಟರಿನ ಹಗ್ಗಗಳನ್ನು ಇಳಿಬಿಟ್ಟು ಬೇರೆ ಜಾತಿಯ ಪಚ್ಚಿಲೆ ಬೆಳೆಸುತ್ತಾರೆ, ಒಂದು ತೆಪ್ಪಕ್ಕೆ 500 ಹಗ್ಗ. ಗಾಳಿಯ ದೆಸೆಯಿಂದ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ, ಜೊತೆಗೆ ಗೊಬ್ಬರದಂಥ ಸತ್ತ್ವ ತರುತ್ತದೆ; ಅದರಿಂದ ಪಾಚಿ, ಪಾಚಿಯಿಂದ ಅವರ ಐಶ್ವರ್ಯ. ಆದರೂ ಮಾರುವ ಗಾತ್ರಕ್ಕೆ ಬರಲು ಒಂದು, ಒಂದೂವರೆ ವರ್ಷ ಕಾಯಬೇಕು. ನಮ್ಮದು ಆರು ತಿಂಗಳೊಳಗೆ ಮುಗಿಯುವುದಕ್ಕೆ ಜಾತಿಯ ಗುಣವೂ ಬೆಚ್ಚನೆಯ ನೀರೂ ಕಾರಣ. ಅಂಥ ತಣ್ಣೀರಿನ ಏಳಿಕೆ ನಮ್ಮ ಪಶ್ಚಿಮ ಕರಾವಳಿಯಲ್ಲೂ ಉಂಟು, ಆದರೆ ಅದು ಬರುವುದು ಮಳೆಗಾಲದಲ್ಲಿ, ಹೊಳೆ ಚಪ್ಪೆಯಾಗಿ ಕಡಲು ಕುದಿಯುತ್ತಿರುವಾಗ. ಬಡಿಸುವ ಹೊತ್ತಿಗೆ ಸರಿಯಾಗಿ ಎಲೆ ಎತ್ತಿಬಿಡುವ ವ್ಯವಸ್ಥೆ.

ಬಿಸಿಲು: ನೀರಿನ ಬಿಸಿ 26ರಿಂದ 32 ಡಿಗ್ರಿ ಇದ್ದರೆ ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ, ಇಳಿತದಲ್ಲಿ ನೀರು ಒಂದಾಳುದ್ದಕ್ಕೂ ಇಲ್ಲದಾಗ, ಮೇಲಿನ ಗೇಣುದ್ದದ ಹಗ್ಗದಲ್ಲಿರುವವರು ಬೇಯದೆಯೇ ಬಾಯಿ ಬಿಡುತ್ತಾರೆ. ಈ ವಿಭಾಗ ಇಷ್ಟೇ.

ಕದಡಿನ ವಿಭಾಗ ದೊಡ್ಡದು, ಆದರೆ ರಾಡಿ. ಕಿವಿರಿಗೆ ಬಂದದ್ದರಲ್ಲಿ ತಿನ್ನುವಂಥದ್ದನ್ನು ಬಾಯಿಗೂ, ಹೂಳನ್ನು ಲೋಳೆಯಲ್ಲಿ ಸುತ್ತಿ ಹೊರಗೂ ಕಳಿಸುವ ಜಾಣತನ ಪಚ್ಚಿಲೆಗಿದೆ. ಹೊಟ್ಟೆಗೆ ಹೋಗದೆಯೇ ಹೊರಬಿದ್ದ ಅದಕ್ಕೆ ಪಂಡಿತರು ‘ಹುಸಿಮಲ’ ಎಂಬರ್ಥದ ಹೆಸರಿಟ್ಟಿದ್ದಾರೆ, ನಾನು ಬದಲಾಯಿಸುವುದಿಲ್ಲ. ಹೊಯಿಗೆ ತೆಗೆಯುವ ದೋಣಿಗಳು ಮೇಲ್ಗಡೆ ಕೆಲಸ ಮಾಡಿದ ದಿನ ಪಚ್ಚಿಲೆಯ ಹೊತ್ತೆಲ್ಲ ಆಯುವುದರಲ್ಲೇ ಹೋಗುತ್ತದೆ, ಕೇರಿದ್ದೇ ಬಂತು, ಅಕ್ಕಿ ಸಿಗಲಿಲ್ಲ. ಹಗ್ಗದ ಬುಡ ತಳದ ಕೆಸರಿಗೆ ತಾಗಿದರಂತೂ ಕಥೆ ಮುಗಿಯಿತು. ಹೂಳಿನ ಮೇಲೆ ಏಡಿಗಳೂ ಹಾಜರು.

ಏಡಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಭಯವೂ ಪರಿಸರದ ಒಂದು ಅಂಗ. ಯುರೋಪಿನ ನೀಲಿ ಪಚ್ಚಿಲೆಗಳನ್ನು ಏಡಿಯಿದ್ದ ನೀರಿನಲ್ಲಿಟ್ಟು ನೋಡಿದ್ದಾರೆ. ಏಡಿ ಮುಟ್ಟಬೇಕೆಂದಿಲ್ಲ, ಅದರ ವಾಸನೆ ನೀರಲ್ಲಿ ಬಂದರೆ ಸಾಕು. ಅವು ಚಿಪ್ಪು ದಪ್ಪ ಮಾಡಿಕೊಳ್ಳುತ್ತವೆ, ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಗೋಡೆಗೆ ಹೋದ ಖರ್ಚು ಮಾಂಸಕ್ಕೆ ಇಲ್ಲ. ನೆಂಟರ ಪೈಕಿ ಕಂಪೌಂಡು ಎತ್ತರಿಸುತ್ತ ಎತ್ತರಿಸುತ್ತ ಸೊರಗಿದ ಒಬ್ಬರನ್ನು ನಾನು ಈ ವಿಭಾಗಕ್ಕೆ ಸೇರಿಸಬೇಕೆಂದಿದ್ದೆ, ಮನೆಯಲ್ಲಿ ಒಪ್ಪಲಿಲ್ಲ. ಇದಲ್ಲದೆ ನೆರೆಹೊರೆಯೆಂಬ ಉಪವಿಭಾಗವುಂಟು: ಬೆನ್ನ ಮೇಲೆ ಹತ್ತಿ ಕೂರುವ ಬಾರ್ನಕಲ್, ಚಿಪ್ಪಿನೊಳಗೇ ಬಾಡಿಗೆಯಿಲ್ಲದೆ ವಾಸ ಮಾಡಿ ಸೋಸಿದ್ದನ್ನು ಕದ್ದು ತಿನ್ನುವ ಬಟಾಣಿ ಗಾತ್ರದ ಏಡಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಇತರ ಪಚ್ಚಿಲೆಗಳು. ಮರಿ ಒತ್ತೊತ್ತಾಗಿ ಕಟ್ಟಿದರೆ ಒಳಗಿನವು ಹಸಿದು ಸೊರಗುತ್ತವೆ, ಹೊರಗಿನವು ಒಳಗಿನವರನ್ನು ಹಿಡಿದುಕೊಂಡಿರುತ್ತವೆ. ಒಂದು ದಿನ ಇಡೀ ಗೊಂಚಲು ಕಳಚಿ ತಳಕ್ಕೆ.

ಇಲ್ಲಿಯವರೆಗೆ ಚೆನ್ನಾಗಿ ಬೆಳೆದದ್ದು ಒಳ್ಳೆಯದು ಎಂದು ಓದುಗರು ತಿಳಿದಿದ್ದರೆ ಅದು ತಪ್ಪು, ತಪ್ಪಿಸಿದವನು ನಾನು. ಪಚ್ಚಿಲೆ ತಿನ್ನುವ ಪಾಚಿಗಳಲ್ಲಿ ಕೆಲವು ವಿಷದವು. ಅದಕ್ಕೇನೂ ಆಗುವುದಿಲ್ಲ, ದುಂಡಗೆ ಬೆಳೆದು ಕೂತಿರುತ್ತದೆ, ತಿಂದವನಿಗೆ ಆಗುತ್ತದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1987ರಲ್ಲಿ ಬೆಳೆಸಿದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕೆಲವರು ಸತ್ತರು. ಬದುಕಿದ ಕೆಲವರಿಗೆ ಹೊಸದಾಗಿ ಏನನ್ನೂ ನೆನಪಿಡುವ ಶಕ್ತಿ ಹೋಗಿತ್ತು. ಕಾರಣ ಡೊಮೋಯಿಕ್ ಆಮ್ಲ, ಒಂದು ಬಗೆಯ ಪಾಚಿ ತಯಾರಿಸಿದ್ದು. ಅಷ್ಟು ದೂರ ಯಾಕೆ, 1983ರಲ್ಲಿ ನಮ್ಮ ಪಕ್ಕದ ಕುಂಬಳೆ ಹೊಳೆಯ ಚಿಪ್ಪುಮೀನು ತಿಂದವರಿಗೂ ಪಾಚಿಯ ಇನ್ನೊಂದು ವಿಷ ತಗಲಿತ್ತು. ಬೇಯಿಸಿದರೆ ಈ ವಿಷಗಳು ಹೋಗುವುದಿಲ್ಲ. ಗಲೀಸಿಯಾದಲ್ಲಿ ನೀರು ಪರೀಕ್ಷೆ ಮಾಡಿ, ಪಾಚಿ ಕೆಂಡದಂತೆ ಎದ್ದ ದಿನಗಳಲ್ಲಿ ಕೊಯ್ಲು ನಿಲ್ಲಿಸಿಬಿಡುತ್ತಾರೆ. ಊರಿನ ಚರಂಡಿ ಹೊಳೆಗೆ ಬೀಳುವಲ್ಲಿ ಬೆಳೆದದ್ದರ ಕಥೆ ಬೇರೆ. ಸೋಸುವವನ ಹೊಟ್ಟೆಯಲ್ಲಿ ಊರಿನ ರೋಗಾಣುಗಳೆಲ್ಲ ಉಳಿಯುತ್ತವೆ. ಕೊಯ್ದ ಮೇಲೆ ಒಂದು ದಿನ ಶುದ್ಧ ಉಪ್ಪುನೀರಿನಲ್ಲಿಟ್ಟರೆ ಅವು ಬಹುಪಾಲು ತೊಳೆದುಹೋಗುತ್ತವೆ. ಇದಕ್ಕೆ ತೊಟ್ಟಿ ಬೇಕು, ಪಂಪು ಬೇಕು, ಅದನ್ನು ನಡೆಸುವವರು ಬೇಕು. ಶಾಸ್ತ್ರದಲ್ಲಿ ಒಂದು ವಾಕ್ಯ, ದಂಡೆಯಲ್ಲಿ ಒಂದು ಅರ್ಜಿ.

ಇಷ್ಟನ್ನು ಎರಡು ನೂರು ಪುಟದ ನೋಟ್‌ಬುಕ್ಕಿನಲ್ಲಿ ಉಪ್ಪು, ಹರಿವು, ಆಹಾರ, ಬಿಸಿಲು, ಕದಡು, ಭಯ, ವಿಷ ಎಂದು ಏಳು ಪ್ರಕರಣ, ಇಪ್ಪತ್ತಮೂರು ಭೇದ ಮಾಡಿ, ಕೊಯ್ಲಿನ ದಿನ ಅಕ್ಕನಿಗೆ ಓದಿ ಹೇಳಲು ಹೋದೆ. ಅವರು ಚಪ್ಪರದಿಂದ ಬಂದ ರಾಶಿಯ ಎದುರು ಮಣೆ ಹಾಕಿಕೊಂಡು, ಎರಡು ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಒಂದೊಂದನ್ನು ಎತ್ತಿ, ಕೈಯಲ್ಲಿ ಒಮ್ಮೆ ಹಾರಿಸಿ ಹಿಡಿದು, ‘ಉಂಟು’ ಎಂದು ಈ ಬುಟ್ಟಿಗೆ, ‘ಇಲ್ಲ’ ಎಂದು ಆ ಬುಟ್ಟಿಗೆ ಹಾಕುತ್ತಿದ್ದರು. ಒಳಗೆ ಮಾಂಸ ಉಂಟು ಅಥವಾ ಇಲ್ಲ. ನಾನು ಕದಡು ಪ್ರಕರಣಕ್ಕೆ ಬರುವಷ್ಟರಲ್ಲಿ ರಾಶಿ ಅರ್ಧ ಕರಗಿತ್ತು.

‘ಅಕ್ಕಾ, ಎರಡೇ ವರ್ಗ ಸಾಕಾ?’ ಎಂದೆ.

‘ಅಂಗಡಿಯವ ಎರಡಕ್ಕೇ ಕ್ರಯ ಮಾಡುವುದು ಮಾಸ್ಟ್ರೇ. ಒಂದಕ್ಕೆ ಕೊಡ್ತಾನೆ, ಒಂದಕ್ಕೆ ಇಲ್ಲ.’

ಶಾಂಭವಿಯ ಮೂಲೆಯಲ್ಲಿ ಶಾಸ್ತ್ರಾರ್ಥ ಉಳಿಸಿದ ನನ್ನ ಹಗ್ಗವನ್ನು ಕೊನೆಗೆ ತಂದರು. ಅದರಲ್ಲಿ ಒಂದು, ಉಳಿದವಕ್ಕಿಂತ ಎರಡು ಪಾಲು ಭಾರ. ಬಾಯಿ ಬಿಗಿಯಾಗಿ ಮುಚ್ಚಿತ್ತು. ನನ್ನ ಇಡೀ ಬೇಸಾಯಕ್ಕೆ ಒಂದಾದರೂ ಮರ್ಯಾದೆ ಉಳಿಸಿತೆಂದು ಎತ್ತಿ ಅಕ್ಕನ ಕೈಗೆ ಕೊಟ್ಟೆ. ಅವರು ಹಾರಿಸಿ ಹಿಡಿದರು, ಮುಖ ಸ್ವಲ್ಪ ಓರೆ ಮಾಡಿದರು, ಮತ್ತೊಮ್ಮೆ ಹಾರಿಸಿದರು, ಇನ್ನೊಂದು ಚಿಪ್ಪಿನಿಂದ ತಟ್ಟಿದರು. ಶಬ್ದ ಮಡಕೆಯದಲ್ಲ, ಗೋಡೆಯದು. ‘ಇದು ಬೇಡ ಮಾಸ್ಟ್ರೇ’ ಎಂದು ಪಕ್ಕಕ್ಕಿಟ್ಟರು. ಎರಡು ಬುಟ್ಟಿಗೂ ಸೇರದ ಮೂರನೆಯ ವರ್ಗವೊಂದು ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ನಾನದನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ. ಮನೆಗೆ ಹೋಗಿ ಮೇಜಿನ ಮೇಲಿಟ್ಟು ನೋಟ್‌ಬುಕ್ ತೆರೆದೆ. ಅಷ್ಟರಲ್ಲಿ ಹೆಂಡತಿ, ಇದೊಂದು ಹೊರಗುಳಿಯಿತಲ್ಲ ಎಂದು ತೆಗೆದುಕೊಂಡು ಹೋಗಿ ಒಲೆಯ ಮೇಲಿದ್ದ ಪಾತ್ರೆಗೆ ಹಾಕಿದ್ದಳು.

ಚಿಪ್ಪಿನ ತುಂಬ ಶಾಂಭವಿಯ ಕಪ್ಪು ಕೆಸರು, ಅಚ್ಚು ಹೊಯ್ದಂತೆ. ಬಿಸಿಗೆ ಬಾಯಿ ಬಿಟ್ಟಾಗ ಅರಿಸ್ಟಾಟಲ್ ಹೇಳಿದ ಕ್ರಮಕ್ಕೆ ವ್ಯತಿರಿಕ್ತವಾಗಿ ಪಚ್ಚಿಲೆಯಿಂದ ಕೆಸರು ಹುಟ್ಟಿತು, ಎರಡು ಕಿಲೋ ‘ಉಂಟು’ಗಳ ಮೇಲೆ. ಆ ರಾತ್ರಿ ಬಸಳೆ ಸಾರು ಮಾಡಿದ್ದಳು.